ಪಿನ್ನನ್ನು ಓರೆ ಹಿಡಿದರೆ ಮಾತ್ರ ಲ್ಯಾಪ್‌ಟಾಪು ಚಾರ್ಜ್ ಆಗುತ್ತದೆ: ಮನೆಯಲ್ಲೇ ಸರಿಪಡಿಸಿಕೊಳ್ಳಬಹುದೇ?

ಸಪ್ತಾಪುರದ ಅಭ್ಯರ್ಥಿ:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಐದು ವರ್ಷದ ಹಿಂದೆ ಅಪ್ಪ ಹತ್ತಿ ಮಾರಿದ ಹಣದಲ್ಲಿ ಕೊಡಿಸಿದ ಲ್ಯಾಪ್‌ಟಾಪು ಒಂದು ತಿಂಗಳಿನಿಂದ ನೆಟ್ಟಗೆ ಚಾರ್ಜ್ ಆಗುತ್ತಿಲ್ಲ. ಪಿನ್ನನ್ನು ಸ್ವಲ್ಪ ಮೇಲಕ್ಕೆತ್ತಿ, ವೈರಿನ ಕೆಳಗೆ ಸ್ಟೀಲ್ ಲೋಟವನ್ನಿಟ್ಟರೆ ಚಾರ್ಜ್ ದೀಪ ಹತ್ತುತ್ತದೆ. ಮೇಜಿಗೆ ಕೈ ತಾಗಿದರೂ ಸಾಕು, ಆರಿಹೋಗುತ್ತದೆ. ಮೊನ್ನೆ ರಾತ್ರಿ ಅಣಕು ಪರೀಕ್ಷೆ ಬರೆಯುತ್ತಿದ್ದಾಗ ಎಂಬತ್ತನೆಯ ಪ್ರಶ್ನೆಯ ಹೊತ್ತಿಗೆ ಲ್ಯಾಪ್‌ಟಾಪು ಆರಿತು.

ಇಲ್ಲಿಯ ಒಂದು ಅಂಗಡಿಗೆ ಕೊಂಡೊಯ್ದೆ. ಕೆಳಗಿನ ಮುಚ್ಚಳವನ್ನು ತೆಗೆಯದೆಯೇ ಮದರ್‌ಬೋರ್ಡ್ ಹೋಗಿದೆ ಎಂದರು, ಒಂಬತ್ತು ಸಾವಿರ ರೂಪಾಯಿ ಕೇಳಿದರು. ಅಷ್ಟು ಹಣ ನನ್ನಲ್ಲಿಲ್ಲ, ಊರಿಗೆ ಫೋನ್ ಮಾಡಿ ಕೇಳುವ ಮನಸ್ಸೂ ಇಲ್ಲ. ನನ್ನದು ದುಂಡು ಪಿನ್ನು, ಅದರ ನಡುವೆ ಸೂಜಿಯಂಥ ಇನ್ನೊಂದು ತಂತಿಯಿದೆ. ಚಾರ್ಜರಿನ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಎಂದು ಬರೆದಿದೆ. ಸ್ಕ್ರೂ ಡ್ರೈವರ್ ಹಿಡಿಯುವುದು ಗೊತ್ತಿದೆ, ಸೋಲ್ಡರಿಂಗ್ (ಲೋಹ ಕರಗಿಸಿ ಬೆಸೆಯುವ ಕೆಲಸ) ಮಾಡಿದವನಲ್ಲ. ಮನೆಯಲ್ಲೇ ಏನಾದರೂ ಮಾಡಲು ಸಾಧ್ಯವೇ?

ಹಾನಗಲ್ಲಿನವ:
ಪಿನ್ನಿನ ಸುತ್ತ ಅಲ್ಯೂಮಿನಿಯಂ ಹಾಳೆಯ ಚೂರು ಸುತ್ತಿ ತೂರಿಸಿ. ಬಿಗಿಯಾಗಿ ಕೂರುತ್ತದೆ, ನಾನು ಆರು ತಿಂಗಳು ಹಾಗೆಯೇ ನಡೆಸಿದ್ದೇನೆ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ದಯವಿಟ್ಟು ಅಂಥ ಸಲಹೆ ಕೊಡಬೇಡಿ. ಈ ಬಗೆಯ ಪಿನ್ನಿನಲ್ಲಿ ಹೊರಗಿನ ಬಳೆ ನೆಗೆಟಿವ್, ಒಳಗೋಡೆ ಪಾಸಿಟಿವ್, ನಡುವಿನ ಸೂಜಿ ಚಾರ್ಜರಿನ ಗುರುತು ಹೇಳುವ ತಂತಿ. ಹಾಳೆಯ ಒಂದು ಎಳೆ ಒಳಗೆ ಜಾರಿ ಒಳಗೋಡೆಯನ್ನೂ ಸೂಜಿಯನ್ನೂ ಕೂಡಿಸಿತೆಂದರೆ, ಹತ್ತೊಂಬತ್ತೂವರೆ ವೋಲ್ಟು ನೇರವಾಗಿ ಗುರುತಿನ ತಂತಿಗೆ ಹೋಗುತ್ತದೆ. ಆಗ ನಿಜವಾಗಿಯೂ ಬೋರ್ಡು ಸುಡುತ್ತದೆ, ಮುನ್ನೂರು ರೂಪಾಯಿಯ ಕೆಲಸ ಹತ್ತು ಸಾವಿರದ್ದಾಗುತ್ತದೆ.

ಸಪ್ತಾಪುರದ ತಮ್ಮಾ, ಓರೆ ಹಿಡಿದಾಗ ಚಾರ್ಜ್ ಆಗುತ್ತಿದೆ ಎಂದರೆ ಬೋರ್ಡು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಕರೆಂಟು ದಾರಿಯಲ್ಲಿ ಎಲ್ಲೋ ಕಡಿಯುತ್ತಿದೆ, ಅಷ್ಟೇ. ಆ ದಾರಿಯಲ್ಲಿ ನಾಲ್ಕು ಜಾಗಗಳಿವೆ: ಚಾರ್ಜರಿನ ವೈರು ಪಿನ್ನಿಗೆ ಸೇರುವ ಕುತ್ತಿಗೆ, ಪಿನ್ನು ಮತ್ತು ಜಾಕ್ (ಲ್ಯಾಪ್‌ಟಾಪಿನಲ್ಲಿ ಪಿನ್ನು ಕೂರುವ ತೂತು, ಪೋರ್ಟ್ ಎನ್ನುವುದೂ ಇದನ್ನೇ) ಮುಟ್ಟುವ ತಾವು, ಜಾಕಿನಿಂದ ಬೋರ್ಡಿಗೆ ಹೋಗುವ ಸಣ್ಣ ಕೇಬಲ್, ಆ ಕೇಬಲ್ ಬೋರ್ಡಿನಲ್ಲಿ ಕೂರುವ ಕನೆಕ್ಟರ್. ನನ್ನ ಮೇಜಿಗೆ 'ಚಾರ್ಜಿಂಗ್ ಪೋರ್ಟ್ ಹಾಳು' ಎಂದು ಬರುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಪೋರ್ಟಿಗೆ ಏನೂ ಆಗಿರುವುದಿಲ್ಲ, ಚಾರ್ಜರಿನ ಕುತ್ತಿಗೆಯಲ್ಲಿ ತಂತಿ ತುಂಡಾಗಿರುತ್ತದೆ. ಆದುದರಿಂದ ಬಿಚ್ಚುವ ಮೊದಲು ಸ್ನೇಹಿತರ ಕೋಣೆಯಿಂದ ಅದೇ ಪಿನ್ನಿನ, ಅದೇ ವೋಲ್ಟೇಜಿನ, 3.34 ಆಂಪಿಯರ್ ಅಥವಾ ಹೆಚ್ಚಿನ ಇನ್ನೊಂದು ಚಾರ್ಜರ್ ತಂದು ಹಾಕಿ ನೋಡಿ. ಆಂಪಿಯರ್ ಹೆಚ್ಚಿದ್ದರೆ ಭಯವಿಲ್ಲ, ಲ್ಯಾಪ್‌ಟಾಪು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಇರಬಾರದು.

ವಿದ್ಯಾನಗರದ ಇಂಜಿನಿಯರಿಂಗ್ ವಿದ್ಯಾರ್ಥಿ:
ಇನ್ನೊಂದು ಚಾರ್ಜರ್ ಹುಡುಕುವ ಅಗತ್ಯವೇ ಇಲ್ಲ. ಮಲ್ಟಿಮೀಟರ್ ಇದ್ದರೆ ಪಿನ್ನಿನಲ್ಲಿ ವೋಲ್ಟೇಜ್ ಅಳೆಯಿರಿ. ಹತ್ತೊಂಬತ್ತೂವರೆ ಬಂದರೆ ಚಾರ್ಜರ್ ಸರಿಯಿದೆ, ಪೋರ್ಟ್ ಹಾಳಾಗಿದೆ. ಐದು ನಿಮಿಷದ ಕೆಲಸ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಇಲ್ಲ, ಆ ಅಳತೆಯನ್ನು ನಂಬಿಯೇ ಬಹಳ ಜನ ಮೋಸ ಹೋಗುತ್ತಾರೆ. ಮೀಟರು ಎಳೆಯುವ ಕರೆಂಟು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಇಪ್ಪತ್ತು ಎಳೆಗಳ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರಿನಲ್ಲಿ ಪೂರ್ತಿ 19.5 ಕಾಣುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದು ಮೂರು ಆಂಪಿಯರ್ ಎಳೆಯತೊಡಗಿದಾಗ ವೋಲ್ಟೇಜ್ ಕುಸಿಯುತ್ತದೆ. ಸೊನ್ನೆ ತೋರಿಸಿದರೆ ಚಾರ್ಜರ್ ಕೆಟ್ಟಿದೆ ಎನ್ನಬಹುದು, 19.5 ತೋರಿಸಿತೆಂದು ಸರಿಯಿದೆ ಎನ್ನಲಾಗದು. ಅದಲ್ಲದೆ ಮೀಟರಿನ ದಪ್ಪ ಮೊನೆಯನ್ನು ಪಿನ್ನಿನೊಳಗೆ ತೂರಿಸಲು ಹೋಗಿ ಸೂಜಿಯನ್ನು ಬಾಗಿಸಿದವರನ್ನೂ ಕಂಡಿದ್ದೇನೆ.

ವಿದ್ಯಾನಗರದ ಇಂಜಿನಿಯರಿಂಗ್ ವಿದ್ಯಾರ್ಥಿ:
ಒಪ್ಪುತ್ತೇನೆ, ಲೋಡ್ ಇಲ್ಲದ ಅಳತೆ ಎಂಬುದನ್ನು ನಾನು ಮರೆತಿದ್ದೆ. ಆದರೆ ಅಳೆಯುವಾಗ ವೈರಿನ ಕುತ್ತಿಗೆಯನ್ನು ಅತ್ತಿತ್ತ ಬಾಗಿಸಿದರೆ ಅಂಕಿ ಕುಣಿಯುವುದು ಕಾಣುತ್ತದೆಯಲ್ಲವೇ? ಅಷ್ಟಾದರೂ ಉಪಯೋಗವಿದೆ ಎಂಬುದು ನನ್ನ ವಾದ.

ಗದಗಿನ ಗಣಿತ ಶಿಕ್ಷಕಿ:
ನಾನು ಕಳೆದ ಬೇಸಿಗೆ ರಜೆಯಲ್ಲಿ ನನ್ನ ಲ್ಯಾಪ್‌ಟಾಪಿನ ಜಾಕನ್ನು ನಾನೇ ಬದಲಾಯಿಸಿಕೊಂಡೆ, ಆದುದರಿಂದ ಧೈರ್ಯವಾಗಿ ಹೇಳುತ್ತೇನೆ: ಜಾಕ್ ಕೇಬಲಿನೊಂದಿಗೆ ಬರುವ ಬಗೆಯದಾಗಿದ್ದರೆ ಸೋಲ್ಡರಿಂಗ್ ಬೇಕಾಗಿಲ್ಲ, ತಾಳ್ಮೆ ಇದ್ದವರು ಯಾರಾದರೂ ಮಾಡಬಹುದು.

ನನಗೆ ತಲೆಬಿಸಿಯಾಗಿದ್ದು ಸ್ಕ್ರೂಗಳದ್ದು. ಕೆಲವು ಮೋಟು, ಕೆಲವು ಉದ್ದ. ಮೋಟು ಸ್ಕ್ರೂವಿನ ಜಾಗದಲ್ಲಿ ಉದ್ದದ್ದನ್ನು ಬಿಗಿದರೆ ಅದು ಮೇಲಿನ ಕೀಬೋರ್ಡಿನ ಕಡೆಗೆ ಉಬ್ಬುತ್ತದೆ, ಬೋರ್ಡಿಗೂ ತಾಗಬಹುದು. ಅದಕ್ಕೆ ಒಂದು ಥರ್ಮಾಕೋಲ್ ತುಂಡಿನ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಚಿತ್ರದ ಅದೇ ಜಾಗಕ್ಕೆ ಚುಚ್ಚುತ್ತ ಹೋದೆ. ಹನ್ನೊಂದು ಹೊರಗಿನವು, ಎರಡು ರಬ್ಬರ್ ಪಾದದಡಿ ಅಡಗಿದ್ದವು. ಆ ಎರಡನ್ನು ಕಾಣದೆ ಮುಚ್ಚಳವನ್ನು ಎಳೆದಿದ್ದರೆ ಪ್ಲಾಸ್ಟಿಕ್ ಸೀಳುತ್ತಿತ್ತು. ಸ್ಕ್ರೂ ತೆಗೆದ ಮೇಲೂ ಮುಚ್ಚಳವನ್ನು ಕೊಂಡಿಗಳು ಹಿಡಿದಿರುತ್ತವೆ. ಚಾಕು ಬೇಡ, ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ಅಂಚಿನಲ್ಲಿ ತೂರಿಸಿ ಮೆಲ್ಲಗೆ ಸರಿಸುತ್ತ ಹೋದರೆ ಅವು ಒಂದೊಂದಾಗಿ ಟಕ್ಕೆಂದು ಬಿಡುತ್ತವೆ.

ಓರೆ ಪಿನ್ನಿನ ಬಗ್ಗೆ ಒಂದು ಲೆಕ್ಕ. ಮುಟ್ಟುವ ತಾವು ಸಡಿಲಾದಾಗ ಅಲ್ಲಿ ಅರ್ಧ ಓಮ್ ತಡೆ ಹುಟ್ಟಿಕೊಂಡಿತೆನ್ನೋಣ. 3.34ರ ವರ್ಗವನ್ನು 0.5ರಿಂದ ಗುಣಿಸಿದರೆ ಸುಮಾರು 5.6 ವ್ಯಾಟ್. ಬಟಾಣಿಯಷ್ಟು ಜಾಗದಲ್ಲಿ ಐದೂವರೆ ವ್ಯಾಟ್ ಶಾಖ ಎಂದರೆ ಪ್ಲಾಸ್ಟಿಕ್ ಮೆತ್ತಗಾಗಲು ಸಾಕು. ಮೆತ್ತಗಾದರೆ ಹಿಡಿತ ಇನ್ನಷ್ಟು ಸಡಿಲಾಗುತ್ತದೆ, ತಡೆ ಹೆಚ್ಚುತ್ತದೆ, ಶಾಖವೂ ಹೆಚ್ಚುತ್ತದೆ. ಆದುದರಿಂದ ಲೋಟವಿಟ್ಟು ತಿಂಗಳುಗಟ್ಟಲೆ ನಡೆಸಬೇಡಿ. ಇವತ್ತೇ ಪಿನ್ನನ್ನು ಮುಟ್ಟಿ ನೋಡಿ, ಕೈ ತಡೆಯದಷ್ಟು ಬಿಸಿಯಿದ್ದರೆ ಕೂಡಲೇ ನಿಲ್ಲಿಸಿ.

ಸಪ್ತಾಪುರದ ಅಭ್ಯರ್ಥಿ:
ಮೇಡಂ, ನೀವು ಹೇಳಿದ ಮೇಲೆ ಮುಟ್ಟಿ ನೋಡಿದೆ. ನಿಜವಾಗಿಯೂ ಬಿಸಿಯಿದೆ, ಪಿನ್ನಿನ ಹೊರಬಳೆಯ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿದೆ. ಪಕ್ಕದ ಕೋಣೆಯ ಅಣ್ಣನ ಚಾರ್ಜರ್ ಅದೇ ಬಗೆಯದು, ಅದನ್ನು ಹಾಕಿದರೂ ಓರೆ ಹಿಡಿಯಲೇಬೇಕಾಯಿತು. ನನ್ನ ಚಾರ್ಜರ್ ಅವರ ಲ್ಯಾಪ್‌ಟಾಪಿನಲ್ಲಿ ಒಂದು ಗಂಟೆ ಅಲುಗಾಡಿಸಿದರೂ ಕಡಿಯದೆ ನಡೆಯಿತು.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಹಾಗಾದರೆ ಚಾರ್ಜರ್ ಸರಿಯಿದೆ, ದೋಷ ಲ್ಯಾಪ್‌ಟಾಪಿನ ಕಡೆಗಿದೆ. ನೀವು ಎರಡೂ ಕಡೆಯಿಂದ ಅದಲುಬದಲು ಮಾಡಿ ನೋಡಿದ್ದು ಒಳ್ಳೆಯದಾಯಿತು.

ರಾಣೇಬೆನ್ನೂರಿನ ಓದುಗ:
ಬಿಚ್ಚುವ ಮೊದಲು ಜಾಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ನನ್ನದರಲ್ಲಿ ಹಾಸಿಗೆಯ ಹತ್ತಿ ಮತ್ತು ಧೂಳು ಒತ್ತಿ ಗಟ್ಟಿಯಾಗಿ ಕೂತಿತ್ತು. ಸ್ಯಾನಿಟೈಸರ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದೆ, ಸರಿಹೋಯಿತು.

ಗದಗಿನ ಗಣಿತ ಶಿಕ್ಷಕಿ:
ಧೂಳು ನೋಡಬೇಕೆಂಬುದು ಸರಿ, ಆದರೆ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರಿರುತ್ತದೆ, ಕೈ ಒಣಗದಿರಲೆಂದು ಗ್ಲಿಸರಿನ್ ಕೂಡ ಸೇರಿಸಿರುತ್ತಾರೆ. ಅದು ಆರಿಹೋಗದೆ ಜಿಗುಟಾಗಿ ಉಳಿದು ಮತ್ತೆ ಧೂಳನ್ನೇ ಹಿಡಿಯುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಎಂದು ಕೇಳಿದರೆ ಸಣ್ಣ ಬಾಟಲಿ ಕೊಡುತ್ತಾರೆ, 99 ಶೇಕಡಾದ್ದನ್ನು ತೆಗೆದುಕೊಳ್ಳಿ. ಲ್ಯಾಪ್‌ಟಾಪು ಆರಿಸಿ, ಚಾರ್ಜರ್ ತೆಗೆದು, ಒರೆಸಿ ಪೂರ್ತಿ ಆರಿದ ಮೇಲೆಯೇ ಪಿನ್ನು ಹಾಕಬೇಕು. ಸೇಫ್ಟಿ ಪಿನ್ನನ್ನಾಗಲಿ ಸೂಜಿಯನ್ನಾಗಲಿ ಒಳಗೆ ಆಡಿಸಬೇಡಿ.

ಬೆಟಗೇರಿಯ ನೇಕಾರರ ಮಗ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಲ್ಯಾಪ್‌ಟಾಪಿಗೆ ದುಂಡು ಪಿನ್ನಿಲ್ಲ, ಮೊಬೈಲಿನಂಥ ಟೈಪ್ ಸಿ ಪೋರ್ಟಿದೆ. ಅದೂ ಸಡಿಲಾಗಿದೆ. ಇದಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ? ಅಪ್ಪನ ಸೀರೆಗಳ ಲೆಕ್ಕ, ಆರ್ಡರು ಎಲ್ಲ ಇದರಲ್ಲೇ ಇದೆ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಟೈಪ್ ಸಿ ಬೇರೆಯೇ ವಿಷಯ, ಸ್ವಲ್ಪ ವಿವರವಾಗಿ ಹೇಳಬೇಕು. ಅದರಲ್ಲಿ ಇಪ್ಪತ್ನಾಲ್ಕು ಸಂಪರ್ಕಗಳಿವೆ. ಚಾರ್ಜರ್ ಮೊದಲು ಐದು ವೋಲ್ಟನ್ನಷ್ಟೇ ಕೊಡುತ್ತದೆ. ಆಮೇಲೆ ಸಿಸಿ ಎಂಬ ತಂತಿಯ ಮೂಲಕ ಚಾರ್ಜರೂ ಲ್ಯಾಪ್‌ಟಾಪೂ ಪರಸ್ಪರ ಕೇಳಿ ಹೇಳಿಕೊಂಡು ಇಪ್ಪತ್ತು ವೋಲ್ಟಿಗೆ ಏರುತ್ತವೆ. ಆ ಸಂಪರ್ಕಕ್ಕೆ ಕಸ ಅಡ್ಡ ಬಂದರೆ ಐದಕ್ಕೇ ನಿಂತುಬಿಡುತ್ತದೆ, ನಿಮಗೆ 'ನಿಧಾನ ಚಾರ್ಜ್' ಎಂದು ಕಾಣುತ್ತದೆ ಅಥವಾ ಚಾರ್ಜೇ ಆಗುವುದಿಲ್ಲ. ಕೇಬಲ್ ಕೂಡ ಮುಖ್ಯ: ಮೂರು ಆಂಪಿಯರ್ ಮೀರಿ ಐದರವರೆಗೆ ಕೊಡಬೇಕಾದರೆ ಒಳಗೆ ಗುರುತಿನ ಚಿಪ್ಪಿರುವ ಕೇಬಲ್ಲೇ ಬೇಕು. ಮೊಬೈಲಿನ ಕೇಬಲ್ ಹಾಕಿ ಪೋರ್ಟ್ ಕೆಟ್ಟಿದೆ ಎಂದು ತಂದವರಿದ್ದಾರೆ.

ನೀವು ಮೊದಲು ಎರಡು ಕೆಲಸ ಮಾಡಿ. ಲ್ಯಾಪ್‌ಟಾಪಿನಲ್ಲಿ ಎರಡು ಸಿ ಪೋರ್ಟುಗಳಿದ್ದು ಎರಡೂ ಚಾರ್ಜ್ ಮಾಡುವಂಥವಾಗಿದ್ದರೆ ಇನ್ನೊಂದರಲ್ಲಿ ನೋಡಿ. ಆಮೇಲೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಮರದ ಹಲ್ಲುಕಡ್ಡಿಯ ತುದಿಯನ್ನು ತೆಳುವಾಗಿ ಕೆತ್ತಿ, ನಡುವಿನ ನಾಲಿಗೆಗೆ ಒತ್ತಡ ಬೀಳದಂತೆ ಅಂಚುಗಳಲ್ಲಿ ಕೂತ ನೂಲುಕಸವನ್ನು ಕೆರೆದು ತೆಗೆಯಿರಿ. ಮಗ್ಗದ ಮನೆ ಎಂದಿರಿ, ನೂಲಿನ ಎಳೆ ತುಂಬಿರುವ ಸಂಭವವೇ ಹೆಚ್ಚು. ಕೇಬಲ್ ಪೂರ್ತಿ ಒಳಗೆ ಹೋಗದೆ ಸ್ವಲ್ಪ ಹೊರಗೇ ನಿಂತಂತೆ ಕಾಣುತ್ತಿದ್ದರೆ ಅದೇ ಕಾರಣ. ಕಸ ತೆಗೆದರೂ ಸರಿಯಾಗದಿದ್ದರೆ ಮನೆಯಲ್ಲಿ ಮುಂದುವರಿಯಬೇಡಿ. ಪೋರ್ಟ್ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತದೆ, ಸಂಪರ್ಕಗಳು ಕೂದಲಿನಷ್ಟು ಹತ್ತಿರ ಇರುತ್ತವೆ. ಬಿಸಿಗಾಳಿಯ ಯಂತ್ರ, ಮೈಕ್ರೊಸ್ಕೋಪ್ ಎರಡೂ ಬೇಕು.

ವಿದ್ಯಾನಗರದ ಇಂಜಿನಿಯರಿಂಗ್ ವಿದ್ಯಾರ್ಥಿ:
ಬೋರ್ಡಿಗೆ ಬೆಸೆದದ್ದನ್ನು ಮನೆಯಲ್ಲಿ ಮಾಡಲೇಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಟೈಪ್ ಸಿ ಬಿಡಿ, ದುಂಡು ಜಾಕಿಗೆ ಇರುವುದು ಐದಾರು ದಪ್ಪ ಕಾಲುಗಳು. ಅದನ್ನು ತೆಗೆದು ಹಾಕುವುದರಲ್ಲಿ ಏನು ಕಷ್ಟ? ರಿಪೇರಿಯವರು ತಮ್ಮ ಗಿರಾಕಿ ತಪ್ಪಬಾರದೆಂದು ಹೆದರಿಸುತ್ತಾರೆ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಹದಿನಾಲ್ಕು ವರ್ಷದಿಂದ ಈ ಮೇಜಿನ ಮುಂದೆ ಕೂತಿದ್ದೇನೆ. ಗಿರಾಕಿ ತಪ್ಪಬಾರದೆಂದಿದ್ದರೆ ಈ ಹುಡುಗನಿಗೆ ಇಷ್ಟೆಲ್ಲ ಹೇಳುತ್ತಲೇ ಇರಲಿಲ್ಲ.

ಕಷ್ಟ ಏನೆಂದರೆ ಶಾಖ ಹರಡಿಹೋಗುವುದು. ಲ್ಯಾಪ್‌ಟಾಪಿನ ಬೋರ್ಡು ಒಂದೇ ಪದರದ್ದಲ್ಲ, ಒಳಗೆ ತಾಮ್ರದ ಹಲವು ಪದರಗಳಿವೆ. ಜಾಕಿನ ನೆಗೆಟಿವ್ ಕಾಲುಗಳು ಅಗಲವಾದ ತಾಮ್ರದ ಹಾಸಿಗೆ ಕೂಡಿರುತ್ತವೆ. ರೇಡಿಯೊ ರಿಪೇರಿಗೆ ಬಳಸುವ ಇಪ್ಪತ್ತೈದು ವ್ಯಾಟಿನ ಸೋಲ್ಡರಿಂಗ್ ಐರನ್ ಇಟ್ಟರೆ ಶಾಖವನ್ನು ಆ ತಾಮ್ರ ನುಂಗುತ್ತದೆ, ಸೋಲ್ಡರ್ ಕರಗುವುದಿಲ್ಲ. ಕಂಪನಿಯವರು ಹಾಕಿದ್ದು ಸೀಸವಿಲ್ಲದ ಸೋಲ್ಡರ್, ಅದು ಕರಗುವುದು ಸುಮಾರು 217 ಡಿಗ್ರಿಯಲ್ಲಿ. ನಾವು ಅಂಗಡಿಯಲ್ಲಿ ತರುವ 63-37 (63 ಪಾಲು ತವರ, 37 ಪಾಲು ಸೀಸ) ಸೀಸದ ಸೋಲ್ಡರ್ 183 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೇ ನಾವು ಮೊದಲು ಬೆಸುಗೆಗೆ ನೆರವಾಗುವ ಫ್ಲಕ್ಸನ್ನು ಧಾರಾಳವಾಗಿ ಹಚ್ಚಿ, ಹಳೆಯ ಸೋಲ್ಡರಿಗೆ ಸೀಸದ್ದನ್ನು ಬೆರೆಸಿ ಕರಗುವ ಮಟ್ಟವನ್ನು ಇಳಿಸಿಕೊಳ್ಳುತ್ತೇವೆ. ಬೋರ್ಡನ್ನು ಕೆಳಗಿನಿಂದಲೂ ಬೆಚ್ಚಗೆ ಮಾಡಿಕೊಂಡು, ಆಮೇಲೆ ಜಾಕನ್ನು ಎತ್ತುತ್ತೇವೆ. ಅರ್ಧ ಕರಗಿದಾಗ ಜಾಕನ್ನು ಎಳೆದರೆ ತೂತಿನ ಒಳಗೋಡೆಯ ತಾಮ್ರದ ಲೇಪವೇ ಕಿತ್ತು ಬರುತ್ತದೆ. ಅದು ಒಮ್ಮೆ ಹೋಯಿತೆಂದರೆ ಒಳಪದರಗಳ ಸಂಪರ್ಕವೇ ತಪ್ಪಿದಂತೆ, ಮೇಲಿಂದ ಎಷ್ಟು ಸೋಲ್ಡರ್ ಸುರಿದರೂ ಬರುವುದಿಲ್ಲ.

ವಿದ್ಯಾನಗರದ ಇಂಜಿನಿಯರಿಂಗ್ ವಿದ್ಯಾರ್ಥಿ:
ನಿಮ್ಮ ಮೇಲೆ ಹಾಗೆ ಹೇಳಿದ್ದಕ್ಕೆ ಕ್ಷಮೆ ಇರಲಿ ಸರ್. ನನ್ನ ಎರಡನೆಯ ಸೆಮಿಸ್ಟರಿನಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ತಂಗಿಯ ಹಳೆಯ ಲ್ಯಾಪ್‌ಟಾಪಿನ ಜಾಕನ್ನು ನಾನೇ ಕಿತ್ತೆ. ಬಂದದ್ದು ಜಾಕ್ ಒಂದೇ ಅಲ್ಲ, ಅದರ ಕಾಲಿಗೆ ಅಂಟಿಕೊಂಡು ಉಂಗುರದಂಥ ಹೊಳೆಯುವ ತಾಮ್ರದ ಚೂರೂ ಬಂತು. ಅದು ಏನೆಂದು ಆವತ್ತು ತಿಳಿದಿರಲಿಲ್ಲ, ಇವತ್ತು ನೀವು ಹೇಳಿದ ಮೇಲೆ ತಿಳಿಯಿತು. ಆ ಲ್ಯಾಪ್‌ಟಾಪು ಮತ್ತೆ ಚಾರ್ಜ್ ಆಗಲೇ ಇಲ್ಲ. ಆದರೂ ಹಾಳಾದ ಬೋರ್ಡಿನ ಮೇಲೆ ನಾಲ್ಕಾರು ಸಲ ಕೈ ಪಳಗಿಸಿಕೊಂಡು, ಶಾಖ ನಿಯಂತ್ರಿಸುವ ಅರವತ್ತು ವ್ಯಾಟಿನ ಐರನ್ ಇಟ್ಟುಕೊಂಡವರು ಮಾಡಬಹುದು ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಹಾಗೆ ಕಲಿತವರು ಮಾಡಲಿ, ಅದಕ್ಕೆ ನನ್ನ ತಕರಾರಿಲ್ಲ. ನಾನೂ ಹಾಳು ಬೋರ್ಡುಗಳ ಮೇಲೆಯೇ ಕಲಿತವನು.

ಹಾವೇರಿಯ ವೈರಿಂಗ್ ಕೆಲಸದವ:
ಎಲ್ಲರೂ ಜಾಕಿನ ಬಗ್ಗೆಯೇ ಹೇಳುತ್ತಿದ್ದೀರಿ, ಗೋಡೆಯ ಕಡೆಗೂ ಒಂದು ಕಣ್ಣಿಡಿ. ಚಾರ್ಜ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಭಾಗವನ್ನು ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಹಾಗಿದ್ದರೆ ಆ ಕೋಣೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ ಎಂದು ಅನುಮಾನಿಸಬೇಕು. ಚಾರ್ಜರಿನ ಒಳಗೆ ಕರೆಂಟಿನಲ್ಲಿನ ಅಡಚಣೆಗಳನ್ನು ಸೋಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವುಗಳ ಮೂಲಕ ಬರುವ ಅತಿ ಸಣ್ಣ ಕರೆಂಟು ಅರ್ಥಿಂಗಿನ ಮೂಲಕ ಇಳಿದುಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದು ಮುಟ್ಟಿದವರ ಮೈಮೂಲಕ ಇಳಿಯುತ್ತದೆ. ಬಾಡಿಗೆ ಕೋಣೆಗಳಲ್ಲಿ ಮೂರು ತೂತಿನ ಸಾಕೆಟ್ ಕೂರಿಸಿ ಮೇಲಿನ ತೂತಿಗೆ ತಂತಿಯನ್ನೇ ಎಳೆಯದ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಗ್ಗದ ಅಡಾಪ್ಟರ್ ಹಾಕಿದರೂ ಅದೇ ಗತಿ. ಮನೆಯ ಮಾಲೀಕರಿಗೆ ಹೇಳಿ ಬಲ್ಲವರಿಂದ ಪರೀಕ್ಷೆ ಮಾಡಿಸಿ.

ಸಪ್ತಾಪುರದ ಅಭ್ಯರ್ಥಿ:
ಹೌದು ಅಣ್ಣಾರೆ, ಸ್ಕ್ರೂ ಮುಟ್ಟಿದರೆ ಜುಮ್ ಎನ್ನುತ್ತದೆ. ಇದು ಎಲ್ಲ ಲ್ಯಾಪ್‌ಟಾಪುಗಳಲ್ಲೂ ಇರುತ್ತದೆ ಎಂದುಕೊಂಡಿದ್ದೆ. ಮಾಲೀಕರಿಗೆ ಹೇಳುತ್ತೇನೆ. ಅದರಿಂದಲೇ ಜಾಕ್ ಕೆಟ್ಟಿತೇ?

ಹಾವೇರಿಯ ವೈರಿಂಗ್ ಕೆಲಸದವ:
ಇಲ್ಲ, ಅರ್ಥಿಂಗ್ ಇಲ್ಲದಿದ್ದರೆ ಜಾಕ್ ಸಡಿಲಾಗುವುದಿಲ್ಲ. ಎರಡೂ ಬೇರೆ ಬೇರೆ ದೋಷ. ಆದರೆ ನೀವು ಅದನ್ನು ಬಿಚ್ಚಲು ಹೊರಟಿದ್ದೀರಿ, ಅದಕ್ಕೇ ಹೇಳಿದೆ.

ರಾಣೇಬೆನ್ನೂರಿನ ಓದುಗ:
ಹೊಸ ಚಾರ್ಜರ್ ಕೊಳ್ಳುವ ಪ್ರಸಂಗ ಬಂದವರಿಗೆ ಒಂದು ಮಾತು. ಬಸ್ ನಿಲ್ದಾಣದ ಬಳಿ ಎಲ್ಲ ಪಿನ್ನುಗಳೂ ಸೇರಿ ಬರುವ ಚಾರ್ಜರ್ ಅಗ್ಗಕ್ಕೆ ಸಿಗುತ್ತದೆಂದು ಕೊಂಡೆ. ಲ್ಯಾಪ್‌ಟಾಪು ನಡೆಯಿತು, ಬ್ಯಾಟರಿ ಮಾತ್ರ ಚಾರ್ಜ್ ಆಗಲಿಲ್ಲ. ಕಾರಣ ಇವತ್ತಿಗೂ ತಿಳಿದಿಲ್ಲ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಮೊದಲು ಹೇಳಿದ ಗುರುತಿನ ಸೂಜಿಯೇ ಕಾರಣ ಇರಬೇಕು. ಡೆಲ್, ಎಚ್‌ಪಿಯಂಥ ಕಂಪನಿಗಳ ಅನೇಕ ಮಾದರಿಗಳಲ್ಲಿ ನಡುವಿನ ಸೂಜಿ ಕರೆಂಟನ್ನು ಒಯ್ಯುವುದಲ್ಲ, ಚಾರ್ಜರ್ ಯಾವುದು, ಅದರ ಸಾಮರ್ಥ್ಯ ಎಷ್ಟು ಎಂಬುದನ್ನು ಲ್ಯಾಪ್‌ಟಾಪಿಗೆ ತಿಳಿಸುವುದು. ಆ ಸುದ್ದಿ ತಲುಪದಿದ್ದರೆ ಲ್ಯಾಪ್‌ಟಾಪು ಎಚ್ಚರಿಕೆಯಿಂದ ವರ್ತಿಸುತ್ತದೆ, ಬ್ಯಾಟರಿಗೆ ಚಾರ್ಜ್ ಕೊಡುವುದಿಲ್ಲ, ಕೆಲವೊಮ್ಮೆ ಪ್ರೊಸೆಸರಿನ ವೇಗವನ್ನೂ ಇಳಿಸುತ್ತದೆ. ಕೊಳ್ಳುವಾಗ ಚಾರ್ಜರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ.

ಸಪ್ತಾಪುರದ ಅಭ್ಯರ್ಥಿ:
ಈ ದಿನ ಬಿಚ್ಚಲು ನಿರ್ಧರಿಸಿದ್ದೇನೆ. ಮರೆಯಬಾರದ್ದು ಏನಾದರೂ ಇದ್ದರೆ ಈಗಲೇ ಹೇಳಿ.

ಗದಗಿನ ಗಣಿತ ಶಿಕ್ಷಕಿ:
ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಅದನ್ನು ತಂತಿ ಹಿಡಿದು ಎಳೆಯಬೇಡಿ, ಕನೆಕ್ಟರಿನ ಎರಡು ಅಂಚುಗಳನ್ನು ಉಗುರಿನಿಂದ ಸ್ವಲ್ಪ ಸ್ವಲ್ಪವೇ ಸರಿಸಿ. ಬಳಿಕ ಪವರ್ ಬಟನನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟು ಖಾಲಿಯಾಗುತ್ತದೆ. ನೈಲಾನ್ ಬಟ್ಟೆ ತೊಟ್ಟು, ಸಿಂಥೆಟಿಕ್ ಹಾಸಿನ ಮೇಲೆ ಕೂತು ಮಾಡಬೇಡಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಕೇಬಲ್ ಯಾವ ಸಂದಿಯಲ್ಲಿ ಬಳಸಿ ಹೋಗಿತ್ತು ಎಂಬುದು ಮುಚ್ಚುವಾಗ ನೆನಪಿರುವುದಿಲ್ಲ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಬ್ಯಾಟರಿ ದಿಂಬಿನಂತೆ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಒತ್ತಬೇಡಿ, ಸ್ಕ್ರೂ ಡ್ರೈವರ್ ತಾಗಿಸಬೇಡಿ, ಹಾಗೆಯೇ ಅಂಗಡಿಗೆ ತನ್ನಿ. ಉಬ್ಬಿಲ್ಲದಿದ್ದರೆ ಮುಂದುವರಿಯಿರಿ. ಜಾಕ್ ಕೇಬಲಿನದೇ ಆಗಿದ್ದರೆ ಅದರ ಮೇಲೆ ಸಣ್ಣ ಚೀಟಿ ಅಂಟಿಸಿರುತ್ತಾರೆ, ಹಲವು ಮಾದರಿಗಳಲ್ಲಿ ಡಿಸಿ 301 ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಹೆಸರು ಹೇಳಿ ಕೇಳುವುದಕ್ಕಿಂತ ಆ ಸಂಖ್ಯೆ ತೋರಿಸಿ ಕೇಳುವುದು ಮೇಲು. ಒಂದೇ ಹೆಸರಿನ ಲ್ಯಾಪ್‌ಟಾಪಿಗೆ ಎರಡು ಮೂರು ಅಳತೆಯ ಕೇಬಲ್ಲುಗಳಿರುತ್ತವೆ, ಒಂದು ಬೆರಳಿನಷ್ಟು ಗಿಡ್ಡವಾದರೂ ಬೋರ್ಡಿಗೆ ಮುಟ್ಟುವುದಿಲ್ಲ.

ಸಪ್ತಾಪುರದ ಅಭ್ಯರ್ಥಿ:
ಬಿಚ್ಚಿ ನೋಡಿದೆ. ಬ್ಯಾಟರಿ ಚಪ್ಪಟೆಯಾಗಿಯೇ ಇದೆ. ಜಾಕ್ ಬೋರ್ಡಿಗೆ ಬೆಸೆದದ್ದಲ್ಲ, ಕೇಬಲಿನದೇ! ಎರಡು ಕೆಂಪು, ಎರಡು ಕಪ್ಪು, ಒಂದು ತೆಳ್ಳನೆಯ ನೀಲಿ ತಂತಿ. ಜಾಕನ್ನು ಕೂರಿಸುವ ಪ್ಲಾಸ್ಟಿಕ್ ತೊಟ್ಟಿಲಿನ ಒಂದು ಕಿವಿ ಮುರಿದು ಕೆಳಗೆ ಬಿದ್ದಿತ್ತು. ಅದರಿಂದ ಪಿನ್ನು ಚುಚ್ಚಿದಾಗಲೆಲ್ಲ ಜಾಕ್ ಒಳಗೆ ಹಿಂದಕ್ಕೆ ಸರಿಯುತ್ತಿತ್ತು. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ, ಒಳಗಿನ ಸ್ಪ್ರಿಂಗಿನಂಥ ಎಲೆ ಒಂದು ಬದಿಯಲ್ಲಿ ಕಪ್ಪಾಗಿ ಒಳಕ್ಕೆ ಬಾಗಿದೆ. ಬಿಳಿಯ ಪ್ಲಾಸ್ಟಿಕ್ ಅಲ್ಲಿ ಚಹಾದ ಬಣ್ಣಕ್ಕೆ ಬಂದಿದೆ. ಮೇಡಂ ಹೇಳಿದ ಐದೂವರೆ ವ್ಯಾಟ್ ನನ್ನ ಕಣ್ಣ ಮುಂದೆಯೇ ಇದೆ.

ಹಾನಗಲ್ಲಿನವ:
ಜಾಕನ್ನು ತೊಟ್ಟಿಲಿಗೆ ಗಟ್ಟಿ ಅಂಟಿನಿಂದ ಅಂಟಿಸಿಬಿಡಿ.

ಗದಗಿನ ಗಣಿತ ಶಿಕ್ಷಕಿ:
ಬೇಗ ಒಣಗುವ ಆ ತೆಳು ಅಂಟು ಸಂದಿಯೊಳಗೆ ಹರಿದು ಸಂಪರ್ಕದ ಎಲೆಯ ಮೇಲೆ ಕೂತರೆ ಕರೆಂಟೇ ಹೋಗುವುದಿಲ್ಲ. ಎಲೆ ಬಾಗಿ ಸುಟ್ಟಿರುವಾಗ ಅಂಟಿಸಿ ಪ್ರಯೋಜನವೂ ಇಲ್ಲ, ಜಾಕನ್ನು ಬದಲಾಯಿಸಲೇಬೇಕು. ಮುರಿದ ಕಿವಿಗೆ ಮಾತ್ರ ಎರಡು ಟ್ಯೂಬುಗಳನ್ನು ಕಲಸಿ ಹಚ್ಚುವ ಎಪಾಕ್ಸಿಯನ್ನು ಕಡ್ಡಿಯಿಂದ ಹಚ್ಚಬಹುದು. ಹಚ್ಚುವಾಗ ಜಾಕ್ ಅದರಲ್ಲಿ ಇರಬಾರದು, ಒಂದು ರಾತ್ರಿ ಗಟ್ಟಿಯಾಗಲು ಬಿಡಬೇಕು.

ಸಪ್ತಾಪುರದ ಅಭ್ಯರ್ಥಿ:
ಹಾಗೆಯೇ ಮಾಡಿದೆ. ಕಿವಿಯನ್ನು ರಾತ್ರಿ ಅಂಟಿಸಿಟ್ಟು, ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ಹಳೆಯ ಕೇಬಲನ್ನು ಫೇಡೆಯ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಮೂರು ಅಂಗಡಿ ತಿರುಗಿದ ಮೇಲೆ ಅದೇ ಸಂಖ್ಯೆಯದು 320 ರೂಪಾಯಿಗೆ ಸಿಕ್ಕಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಅಳತೆ ನೋಡಿಯೇ ಹಣ ಕೊಟ್ಟೆ.

ಕೂರಿಸಿ, ಬ್ಯಾಟರಿ ಜೋಡಿಸಿ, ಚಾರ್ಜರ್ ಹಾಕಿದೆ. ಪಿನ್ನು ಬಿಗಿಯಾಗಿ ಕೂತಿದೆ, ಲ್ಯಾಪ್‌ಟಾಪು ಶುರುವಾಯಿತು. ಆದರೆ ಆರಂಭದಲ್ಲೇ ಚಾರ್ಜರಿನ ಬಗೆ ತಿಳಿಯುತ್ತಿಲ್ಲ ಎಂಬ ಸೂಚನೆ ಬಂತು, ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಚಾರ್ಜರ್ ಪಕ್ಕದ ಅಣ್ಣನ ಲ್ಯಾಪ್‌ಟಾಪಿನಲ್ಲಿ ಈಗಲೂ ಸರಿಯಾಗಿ ನಡೆಯುತ್ತಿದೆ. ನಾನು ಏನಾದರೂ ಸುಟ್ಟೆನೇ?

ವಿದ್ಯಾನಗರದ ಇಂಜಿನಿಯರಿಂಗ್ ವಿದ್ಯಾರ್ಥಿ:
ಗಾಬರಿಯಾಗಬೇಡಿ. ಕೆಂಪು, ಕಪ್ಪು ತಂತಿಗಳು ಮುಟ್ಟಿವೆ, ಅದಕ್ಕೇ ಲ್ಯಾಪ್‌ಟಾಪು ನಡೆಯುತ್ತಿದೆ. ನೀಲಿ ತಂತಿ ಮುಟ್ಟಿಲ್ಲ. ಬೋರ್ಡಿನ ಕನೆಕ್ಟರ್ ಓರೆಯಾಗಿ ಕೂತಿರಬೇಕು. ನೀಲಿ ತಂತಿ ಒಂದು ಅಂಚಿನಲ್ಲಿದ್ದರೆ ಅದೇ ಮೊದಲು ತಪ್ಪುತ್ತದೆ.

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಸರಿಯಾಗಿ ಹೇಳಿದಿರಿ, ನನ್ನ ಅಂದಾಜೂ ಅದೇ. ಚಾರ್ಜರ್ ತೆಗೆದು, ಬ್ಯಾಟರಿ ಬಿಡಿಸಿ, ಆಮೇಲೆ ಕನೆಕ್ಟರನ್ನು ಒಮ್ಮೆ ಪೂರ್ತಿ ತೆಗೆದು ನೆಟ್ಟಗೆ ಕೂರಿಸಿ. ಎರಡು ಅಂಚುಗಳೂ ಒಂದೇ ಮಟ್ಟಕ್ಕೆ ಇಳಿಯಬೇಕು, ಸಣ್ಣಗೆ ಸದ್ದು ಕೇಳಿಸಬೇಕು.

ಸಪ್ತಾಪುರದ ಅಭ್ಯರ್ಥಿ:
ಕನೆಕ್ಟರಿನ ನೀಲಿ ತಂತಿಯ ಬದಿ ಅಕ್ಕಿಕಾಳಿನ ದಪ್ಪದಷ್ಟು ಮೇಲೆ ನಿಂತಿತ್ತು. ತೆಗೆದು ಮತ್ತೆ ಒತ್ತಿದಾಗ ಸದ್ದು ಕೇಳಿಸಿತು. ಈಗ ಸೂಚನೆ ಬರುತ್ತಿಲ್ಲ. ಚಾರ್ಜ್ 12ರಿಂದ 41 ಶೇಕಡಾಕ್ಕೆ ಏರಿದೆ, ಒಂದು ಗಂಟೆಯಿಂದ ಪಿನ್ನು ಮುಟ್ಟಿದರೆ ಬೆಚ್ಚಗೂ ಇಲ್ಲ. ಲೋಟವನ್ನು ತೊಳೆದು ಅಡುಗೆ ಮಾಡುವ ಮೂಲೆಯಲ್ಲಿ ಇಟ್ಟೆ. ರಿಪೇರಿ ಸರ್, ಮೇಡಂ, ಹಾವೇರಿಯ ಅಣ್ಣಾ, ವಿದ್ಯಾನಗರದ ಗೆಳೆಯಾ, ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಸಂಜೆ ಮಾಲೀಕರು ಅರ್ಥಿಂಗ್ ನೋಡಲು ಒಬ್ಬರನ್ನು ಕಳಿಸುವುದಾಗಿ ಒಪ್ಪಿದ್ದಾರೆ.

ಬೆಟಗೇರಿಯ ನೇಕಾರರ ಮಗ:
ನನ್ನ ಪೋರ್ಟಿನಿಂದ ಬೆಂಕಿಕಡ್ಡಿಯ ತಲೆಯಷ್ಟು ದೊಡ್ಡ ನೂಲಿನ ಉಂಡೆ ಬಂತು, ಅಪ್ಪನ ಮಗ್ಗದ ಕೆಂಪು ರೇಷ್ಮೆಯ ಎಳೆಗಳೇ. ಈಗ ಕೇಬಲ್ ಪೂರ್ತಿ ಒಳಗೆ ಹೋಗುತ್ತದೆ. ಆದರೆ ಒಂದು ಬದಿಯಾಗಿ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ತಿರುಗಿಸಿ ಸಿಕ್ಕಿಸಿದರೆ ಆಗುವುದಿಲ್ಲ. ಇದೇಕೆ ಸರ್?

ಕೊಪ್ಪಿಕರ ರಸ್ತೆಯ ರಿಪೇರಿಗಾರ:
ಸಿಸಿ ತಂತಿಗಳು ಪೋರ್ಟಿನಲ್ಲಿ ಎರಡಿವೆ, ಒಂದೊಂದು ಬದಿಗೆ ಒಂದೊಂದು. ಒಂದರ ಸಂಪರ್ಕ ಸವೆದಿದೆ ಅಥವಾ ಇನ್ನೂ ಕಸವಿದೆ. ಕೆರೆಯುವುದನ್ನು ನಿಲ್ಲಿಸಿ. ಟಾರ್ಚ್ ಬಿಟ್ಟು ಪೋರ್ಟಿನ ಹತ್ತಿರದ ಫೋಟೊ ತೆಗೆದು ಇಲ್ಲಿ ಹಾಕಿ, ನಡುವಿನ ನಾಲಿಗೆಯ ಎರಡೂ ಬದಿ ಕಾಣುವಂತಿರಲಿ. ಅಲ್ಲಿಯವರೆಗೆ ಚಾರ್ಜ್ ಆಗುವ ಬದಿಯಲ್ಲೇ ಹಾಕಿಕೊಂಡು, ಅಪ್ಪನವರ ಲೆಕ್ಕದ ಕಡತಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ.